ಬುಟ್ಟಿಯ ಮುಚ್ಚಳದ ಹೊಲಿಗೆ

ತೊಂಬತ್ತರ ದಶಕದಲ್ಲಿ ಶಿಕಾರಿಪುರದ ನನ್ನ ಕಿರಾಣಿ ಅಂಗಡಿಯ ಪಕ್ಕದಲ್ಲಿದ್ದ ಟೈಲರ್ ಒಂದು ಮರಿ ಹೆಬ್ಬಾವನ್ನು ಸಾಕಿದ್ದರು. ಅಂಜನಾಪುರದ ಕಾಲುವೆಯಲ್ಲಿ ಮೀನಿನ ಬಲೆಗೆ ಸಿಕ್ಕು ಗಾಯಗೊಂಡಿದ್ದ ಮರಿ ಅದು. ವಾಸಿಯಾದ ಮೇಲೆ ಬಿಟ್ಟುಬಿಡೋಣವೆಂದು ಬಿದಿರಿನ ಬುಟ್ಟಿಯಲ್ಲಿ ಇಟ್ಟುಕೊಂಡಿದ್ದರು. ಚಳಿಗಾಲದ ಸಂಜೆ ಇಸ್ತ್ರಿಪೆಟ್ಟಿಗೆಯ ಕೆಂಡ ಆರುತ್ತ ಬಂದಾಗ, ಪೆಟ್ಟಿಗೆಯನ್ನು ಮುಂಗೈಯಿಂದ ಮುಟ್ಟಿ ಬಿಸಿ ನೋಡಿ, ಬುಟ್ಟಿಯ ಪಕ್ಕಕ್ಕೆ ಸರಿಸುತ್ತಿದ್ದರು.

"ಅದಕ್ಕೂ ಒಂದು ಅಂಗಿ ಹೊಲೀರಿ" ಎಂದು ನಾನು ರೇಗಿಸಿದರೆ, "ಅದರದ್ದು ಅದೇ ಹೊಲ್ಕೊಂತೈತ್ರಿ" ಎನ್ನುತ್ತಿದ್ದರು.

ಒಮ್ಮೆ ಮದುವೆಯ ಬಟ್ಟೆ ಕೊಟ್ಟುಬರಲು ಸೊರಬಕ್ಕೆ ಹೊರಟವರು ಬುಟ್ಟಿಯನ್ನು ನನಗೊಪ್ಪಿಸಿದರು.

"ಪೊರೆ ಬಿಡೋ ಹೊತ್ತು, ಕಣ್ಣು ಮಂಜಾಗ್ಯಾವ್ರಿ. ನೀರಷ್ಟೇ ಇಡ್ರಿ. ತಿನ್ನಾಕೆ ಏನೂ ಕೊಡಬ್ಯಾಡ್ರಿ."

ಪಾಪ, ಹಸಿದಿರಬಹುದು ಎಂದು ನನಗನಿಸಿತು. ಅಂಗಡಿಯ ಬೋನಿಗೆ ಬಿದ್ದ ಇಲಿಯನ್ನು ಜೀವಂತವಾಗಿಯೇ ಬುಟ್ಟಿಯೊಳಗೆ ಬಿಟ್ಟು ಮುಚ್ಚಿದೆ. ಬೆಳಿಗ್ಗೆ ನೋಡಿದರೆ ಇಲಿಯೇ ಹಾವಿನ ಬೆನ್ನನ್ನು ಕಡಿದು ಗಾಯ ಮಾಡಿತ್ತು.

ಅವರು ಬಂದಾಗ, "ಇಲಿ ಹೆಂಗೋ ನುಗ್ಗೈತ್ರಿ" ಎಂದೆ.

"ಮುಚ್ಚಳ ನಾನೇ ಸಡ್ಲ ಬಿಟ್ಟಿದ್ನೇನೋ" ಎನ್ನುತ್ತ ಅವರು ಗಾಯ ತೊಳೆದು ಅರಿಸಿನ ಹಚ್ಚಿದರು. ಆಮೇಲೆ ಮುಚ್ಚಳವನ್ನು ಬುಟ್ಟಿಗೆ ಸೇರಿಸಿ ಹೊಲಿದರು. ಅಂದಿನಿಂದ ದಿನವೂ ನೀರು ಬದಲಿಸಲು ಆ ಹೊಲಿಗೆ ಬಿಚ್ಚುವರು, ಮತ್ತೆ ಹೊಲಿಯುವರು. ನಾನು ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನೋಡುತ್ತಿದ್ದೆ.

ಗಾಯ ಮಾಯ್ದ ಮೇಲೆ ಇಬ್ಬರೂ ಅಂಜನಾಪುರದ ಆಚೆಯ ಪೊದೆಗಳತ್ತ ಹೋದೆವು. ಅವರು ಬುಟ್ಟಿಯನ್ನು ನನ್ನ ಮುಂದಿಟ್ಟು, "ನೀವೇ ಬಿಡ್ರಿ, ನೀವೂ ಸಾಕೀರಲ್ಲ" ಎಂದರು.

ಆಗಲೂ ನಿಜ ಹೇಳದೆ, ನನ್ನ ಸುಳ್ಳು ನಂಬಿ ಅವರು ಹಾಕಿದ್ದ ಹೊಲಿಗೆಗಳನ್ನು ತಲೆ ತಗ್ಗಿಸಿ ಒಂದೊಂದಾಗಿ ಬಿಚ್ಚಿದೆ.