ಕರೆಮ್ಮನಿಗೆ ನೀರು ಹಾಕಲು ಬಂದವರು

ಕಡ್ಡಿರಾಂಪುರದ ರಸ್ತೆ ಬದಿಯ ಖಾನಾವಳಿಯಲ್ಲಿ ಕರೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಮೂವರು ಹಂಗೇರಿಯವರು ಬಕೆಟ್ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಅವರಲ್ಲಿ ಕನ್ನಡ ಬಲ್ಲ ಇಮ್ರೆ ಕೇಳಿದ:

"ಕರೆಮ್ಮಕ್ಕಾ, ನಿಮ್ಮ ಮ್ಯಾಲೆ ನೀರು ಹಾಕಬಹುದಾ?"

ರೊಟ್ಟಿಯ ಸದ್ದು ನಿಂತಿತು. ಮೂಲೆಯಲ್ಲಿ ಉಣ್ಣುತ್ತಿದ್ದ ಆಟೋ ಹೊನ್ನೂರುಸ್ವಾಮಿ ತುತ್ತನ್ನು ಬಾಯಿಯ ಹತ್ತಿರವೇ ಹಿಡಿದುಕೊಂಡು ಕೂತ. ಕರೆಮ್ಮನ ಮುಂದೆ ಎತ್ತಬಾರದ ಮಾತು ಇದೊಂದೇ.

ಅವಳ ತವರೂರಲ್ಲಿ ಓಕುಳಿ ಎಂದರೆ ಊರ ದೊಡ್ಡವರು ಕೇರಿಯ ಹೆಂಗಸರಿಗೆ ನೀರು ಎರಚುವುದು, ಒದ್ದೆ ಸೀರೆ ಮೈಗಂಟಿದ್ದನ್ನು ನೋಡಿ ಹಲ್ಲು ಕಿಸಿಯುವುದು. ಕೇಳಿದರೆ ಪದ್ಧತಿ ಎನ್ನುತ್ತಿದ್ದರು. ಮದುವೆಗೆ ಮುಂಚೆಯೇ ಕರೆಮ್ಮ ಆ ಪದ್ಧತಿಯ ಕೊಪ್ಪರಿಗೆಯನ್ನು ಊರ ಯಜಮಾನನ ಮೇಲೆಯೇ ಮಗುಚಿ, ಕೇರಿಯ ಸಂಘದವರ ಜೊತೆ ಧರಣಿ ಕೂತು, ಆಟ ನಿಲ್ಲಿಸಿದವಳು. ಇವತ್ತಿಗೂ ಸಂಘದ ಸಭೆಯಲ್ಲಿ ಅವಳಿಗೆ ಮುಂದಿನ ಕುರ್ಚಿ. ಅಂಥವಳು ಬಿಳಿಯನ ಕೈಯಲ್ಲಿ ನೆನೆದಳು ಎಂದು ಸುದ್ದಿಯಾದರೆ ಆ ಕುರ್ಚಿಯ ಮರ್ಯಾದೆ ಏನಾದೀತು?

ಈ ಹಂಗೇರಿಯವರು ಹಂಪಿಯ ಬಂಡೆ ಹತ್ತಲು ಬಂದು, ಬಾಡಿಗೆ ಮನೆ ಹಿಡಿದು ಇಲ್ಲೇ ಉಳಿದವರು. ನಮ್ಮ ಕಡೆಯಂತೆ ಅವರಲ್ಲೂ ಮನೆತನದ ಹೆಸರು ಮುಂದೆ: ಕೊವಾಚ್ ಇಮ್ರೆ. ಕೊವಾಚ್ ಎಂದರೆ ಕಮ್ಮಾರ ಎಂದು ತಿಳಿದ ಮೇಲೆ ಕರೆಮ್ಮನಿಗೆ ಅವನು ಕಮ್ಮಾರರ ಇಮ್ರೆ. ಗೋಡೆಗೆ ಮೆಣಸಿನಕಾಯಿ ಸರ ತೂಗುಬಿಡುತ್ತಾರೆ. ಈಸ್ಟರ್ ಬಂತೆಂದರೆ ಮೊಟ್ಟೆಗೆ ಬಣ್ಣ ಕಟ್ಟಲು ಅವಳ ಉಳ್ಳಾಗಡ್ಡಿ ಸಿಪ್ಪೆ ಚೀಲಗಟ್ಟಲೆ ಒಯ್ಯುತ್ತಾರೆ. ಮರುದಿನ ಸೋಮವಾರ ಗಂಡಸರು ಹೆಂಗಸರಿಗೆ ನೀರು ಹಾಕಬೇಕು, ಹೆಂಗಸರು ಮೊಟ್ಟೆ ಕೊಡಬೇಕು. ಈ ಸಲ ಬಿಸಿಲು ತಾಳದೆ ಅವರ ಹೆಂಗಸರೆಲ್ಲ ಬೆಟ್ಟದ ಊರಿಗೆ ಹೋಗಿದ್ದರು. ಉಳಿದದ್ದು ಮೂವರು ಗಂಡಸರು, ಒಂದು ಬಕೆಟ್.

"ಹಾಕಲಿಲ್ಲಂದ್ರ ಏನಾಕ್ಕೈತಿ?" ಎಂದಳು ಕರೆಮ್ಮ.

"ಹೆಂಗಸರು ಹೂವಿನಂಗ ಬಾಡಿ ಹೋಗ್ತಾರಂತ."

"ಹೊನ್ನೂರಾ, ನಾ ಬಾಡೀನೇನಲೇ?"

"ನಾ ಉಣ್ಣಾಕ ಬಂದೀನಿ ಯಕ್ಕಾ," ಎಂದು ಹೊನ್ನೂರುಸ್ವಾಮಿ ತಾಟಿಗೆ ಮುಖ ಹಾಕಿದ.

"ಸುಮ್ನ ಹಾಕೂದಿಲ್ಲ ಅಕ್ಕಾ," ಎಂದ ಇಮ್ರೆ. "ಪದ್ಯ ಹೇಳಿ ಅಪ್ಪಣೆ ಕೇಳಬೇಕು. ಅದೇ ಪದ್ಧತಿ."

"ಬ್ಯಾಡ ಅಂದ್ರ?"

ಇಮ್ರೆ ಹಿಂದಿನವರ ಜೊತೆ ಗುಸುಗುಸು ಮಾಡಿದ. "ಇಲ್ಲಿತನಕ ಯಾರೂ ಬ್ಯಾಡ ಅಂದಿಲ್ಲ."

"ಹಂಗಾರ ನಾ ಅಂತೀನಿ. ಬ್ಯಾಡ."

ಇಮ್ರೆ ತಲೆಬಾಗಿ ಹೊರಟೇಬಿಟ್ಟ. ಬಕೆಟ್ ತುಳುಕಿ ಅವನ ಕಾಲೇ ನೆನೆಯಿತು. ಮೂವರೂ ಬೇವಿನ ಮರದಡಿ ಸಾವಿನ ಮನೆಯವರಂತೆ ನಿಂತರು. ಅಷ್ಟರಲ್ಲಿ ಒಂದು ಎಮ್ಮೆ ಹಾದುಹೋಯಿತು.

"ಅದೂ ಹೆಣ್ಣ ಐತ್ರೀ, ಹಾಕ್ರಿ," ಎಂದು ಹೊನ್ನೂರುಸ್ವಾಮಿ ಕೂಗಿದ.

ಇಮ್ರೆ ಎಮ್ಮೆಯನ್ನು ನಿಜವಾಗಿಯೂ ನೋಡಿದ. "ಎಮ್ಮಿ ಮೊಟ್ಟಿ ಕೊಡಂಗಿಲ್ಲ," ಎಂದ.

ಕರೆಮ್ಮನಿಗೆ ನಗು ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಬಾರಲೇ ಕಮ್ಮಾರ. ಬ್ಯಾಡ ಅಂದ್ರ ಹೊಳ್ಳಿ ಹೋದಿ, ಅದೊಂದು ಚಲೋ ಮಾಡಿದಿ. ಹೆಂಗಸ್ರು ತಿರುಗಿ ಹಾಕಂಗಿಲ್ಲೇನು ನಿಮ್ಮಲ್ಲಿ?"

"ಕೆಲವು ಹಳ್ಳ್ಯಾಗ ಮಂಗಳವಾರ ಹಾಕ್ತಾರ."

"ಮಂಗಳವಾರ ನಂಗ ಪುರುಸೊತ್ತಿಲ್ಲ. ಇವತ್ತ ಆಗಲಿ. ಮೊದಲು ನಾವು."

ಸೊಸೆ ತುಳಸಿ ಬಂದಳು. ಪಕ್ಕದ ಮನೆಯ ಎರ್ರಮ್ಮ ಯಾರಿಗೆ, ಯಾಕೆ ಎಂದು ಕೇಳದೆಯೇ ಕೊಡ ಎತ್ತಿಕೊಂಡು ಬಂದಳು. ಬಾಗಿಲ ಬಳಿಯ ನೀರಿನ ಡ್ರಮ್ಮಿನ ತಳ ಕಾಣುವವರೆಗೆ ಮೂವರನ್ನೂ ತೋಯಿಸಿದರು. ಎರ್ರಮ್ಮ ಕೊನೆಗೆ ಪಾತ್ರೆ ತೊಳೆದ ನೀರನ್ನೂ ಬಿಡಲಿಲ್ಲ.

ಆಮೇಲೆ ಕರೆಮ್ಮ ಕೈ ಒರೆಸಿಕೊಂಡು ಅಂಗೈ ಚಾಚಿದಳು. "ಎರಡ ಹನಿ. ಮೊದಲ ಪದ್ಯ."

ಗಡ್ಡದಿಂದ ನೀರು ತೊಟ್ಟಿಕ್ಕಿಸುತ್ತ ಇಮ್ರೆ ಪದ್ಯ ಹೇಳಿದ, ತಡವರಿಸದೆ, ಶಾಲೆಯ ಹುಡುಗನಂತೆ ಕೈ ಕಟ್ಟಿಕೊಂಡು. ಕರೆಮ್ಮ ಹೂಂ ಎಂದಳು. ಎರಡೇ ಹನಿ ಬಿದ್ದವು. ಸಾರಿಗೆಂದು ಬೇಯಿಸಿಟ್ಟಿದ್ದ ಮೊಟ್ಟೆಗಳಲ್ಲಿ ಮೂರು ತೆಗೆದು ಕೊಟ್ಟಳು.

"ಸಂಘದಾಗ ಕೇಳಿದ್ರ ಏನಂತಿ ಯಕ್ಕಾ?" ಹೊನ್ನೂರುಸ್ವಾಮಿ ಕೆಣಕಿದ.

"ಕೇಳಿ ಹಾಕ್ಯಾನ ಅಂತೀನಿ. ಬ್ಯಾಡ ಅಂದಾಗ ಹೋಗಿದ್ದ, ಕರೆದಾಗ ಬಂದ. ನಮ್ಮೂರ ಯಜಮಾನಗ ಇಷ್ಟು ಬುದ್ಧಿ ಇದ್ದಿದ್ರ ನಾ ಧರಣಿ ಯಾಕ ಕೂಡ್ತಿದ್ದೆ?"

"ಹಂಗಾರ ನಾನೂ ಒಂದೆರಡು ಹನಿ..."

"ಪದ್ಯ ಬರ್ತೈತೇನು?"

"ಇಲ್ಲ."

"ತಾಟ ತೊಳದಿಟ್ಟು ಹೋಗು."