ಶುಕ್ರವಾರ ಕೊಡದ ಅಡ್ವಾನ್ಸು

ಹೊಗೆಸೊಪ್ಪು ಮುರಿಯುವ ತಿಂಗಳುಗಳಲ್ಲಿ ನಮ್ಮ ಓನರಮ್ಮನ ಅಂಗೈಗೆ ಕರೀ ಅಂಟು ಹಿಡಿದಿರುತ್ತಿತ್ತು. ಎಷ್ಟು ಉಜ್ಜಿದರೂ ಹೋಗದು. ಬಾಡಿಗೆ ಕೊಡಲು ಹೋದರೆ ಸೆರಗೊಡ್ಡಿ, ‘ನೋಟು ಗಲೀಜಾಯ್ತದೆ, ಇದ್ರ ಮ್ಯಾಲೆ ಇಡವ್ವ’ ಎನ್ನುತ್ತಿದ್ದರು.

ಪಿರಿಯಾಪಟ್ಟಣದಲ್ಲಿ ಅವರ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ನಾನು, ಅಮ್ಮ ಆರು ವರ್ಷ ಇದ್ದೆವು. ನಾನು ನರ್ಸು. ಓನರಮ್ಮ ಜುಗ್ಗಿಯೇ, ಅದರಲ್ಲಿ ಅನುಮಾನವಿಲ್ಲ. ಮೊಳೆ ಹೊಡೆಯುವ ಸದ್ದಾದರೆ ಎಲ್ಲಿದ್ದರೂ ಓಡಿಬರುತ್ತಿದ್ದರು. ಒಂದು ಕ್ಯಾಲೆಂಡರ್ ತೂಗುಹಾಕಲು ಮೂರು ದಿನ ಗೋಗರೆದಿದ್ದೇನೆ. ನಾನು ಡ್ಯೂಟಿಗೆ ಹೋದಾಗ ಅಮ್ಮನಿಗೆ ಮರೆಯದೆ ಮಾತ್ರೆ ನುಂಗಿಸುತ್ತಿದ್ದವರೂ ಅವರೇ.

ಹುಣಸೂರಿಗೆ ವರ್ಗವಾಯಿತು. ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ಶುಕ್ರವಾರ ಗೊತ್ತುಮಾಡಿದೆ. ಇಲ್ಲಿನ ಅಡ್ವಾನ್ಸು ಇಸಿದುಕೊಂಡು ಅಲ್ಲಿ ಕಟ್ಟಬೇಕು, ಕೈಯಲ್ಲಿ ಬೇರೆ ಕಾಸಿರಲಿಲ್ಲ. ಸಾಮಾನೆಲ್ಲ ಟೆಂಪೋಗೆ ಏರಿಸಿ ಕೇಳಿದರೆ ಓನರಮ್ಮ ಆಗದೆಂದು ತಲೆಯಾಡಿಸಿಬಿಟ್ಟರು.

‘ಶುಕ್ರವಾರ ಲಕ್ಷ್ಮೀನ ಆಚೆ ಕಳಿಸಾಕಿಲ್ಲ ಕಣವ್ವ. ನಾಳೀಕೆ ಕೊಡ್ತೀನಿ ಬುಡು.’

‘ನಾನು ಮನೆ ಸೇರೋಕೆ ಒಳ್ಳೇ ದಿನ, ನೀವು ದುಡ್ಡು ಕೊಡೋಕೆ ಕೆಟ್ಟ ದಿನಾನಾ?’

ಮೈಯೆಲ್ಲ ಉರಿದುಹೋಯಿತು. ಬೀದಿಯವರೆಲ್ಲ ನೋಡುತ್ತಿದ್ದಂತೆ ಕೂಗಾಡಿದೆ: ‘ಬಡವರ ದುಡ್ಡು ನುಂಗೋಕೆ ದೇವರ ನೆಪ ಬೇರೆ ನಿಮಗೆ!’

ಅವರು ಒಳಗೆ ಹೋದರು.

ಹುಣಸೂರಿನ ಮನೆಯವರು ಗೊಣಗುತ್ತಲೇ ಒಂದು ದಿನ ಗಡುವು ಕೊಟ್ಟರು. ಶನಿವಾರ ಬೆಳಿಗ್ಗೆ ಬಾಗಿಲು ತೆರೆದರೆ ಓನರಮ್ಮ! ಮೊದಲನೇ ಬಸ್ಸಿಗೆ ಬಂದಿದ್ದರು. ಸೊಂಟದ ಗಂಟು ಬಿಚ್ಚಿ ಅಡ್ವಾನ್ಸು ಕೊಟ್ಟರು. ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಊರಿನ ರೂಢಿ. ಅದನ್ನೂ ಮುರಿದುಕೊಂಡಿರಲಿಲ್ಲ.

‘ಎಣಿಸ್ಕೊ. ಹಾಲು ಚೆಂದಾಗಿ ಉಕ್ತಾ?’

‘ಉಕ್ತು’ ಎಂದೆ. ತಪ್ಪಾಯಿತು ಎನ್ನಲು ನಾಲಗೆ ಹೊರಳಲಿಲ್ಲ. ಸೊಪ್ಪು ಮುರಿಯಲು ಆಳು ಬಂದಿರುತ್ತಾರೆಂದು ಅವರು ಕಾಫಿಗೂ ನಿಲ್ಲದೆ ಹೊರಟರು. ಇನ್ನೊಮ್ಮೆ ಹೋಗಿ ಹೇಳಿದರಾಯಿತು, ಪಿರಿಯಾಪಟ್ಟಣವೇನು ದೂರವೇ ಅಂದುಕೊಂಡೆ. ಹೋಗಲಿಲ್ಲ. ವರ್ಷಗಳೇ ಉರುಳಿದವು.

ಹೋದ ವರ್ಷ ಓನರಮ್ಮ ತೀರಿಕೊಂಡರು. ಹನ್ನೊಂದನೆಯ ದಿನದ ಊಟಕ್ಕೆ ಹೋದೆ. ನಾವು ಬಿಟ್ಟಮೇಲೆ ಆ ಮನೆಗೆ ಬಂದ ಸೊಸೆ, ನಾನು ಯಾರೆಂದು ಹೇಳಿದ್ದೇ ತಡ, ಕೈಹಿಡಿದು ಮನೆಯವರ ಸಾಲಿನಲ್ಲೇ ಕೂರಿಸಿ, ಪಕ್ಕದವರಿಗೆ ಹೇಳಿದಳು:

‘ಇವ್ರೇ ಕಣಕ್ಕ ನರ್ಸಮ್ಮ. ಬಾಡಿಗೆಗೆ ಯಾರೇ ಬರ್ಲಿ, ನಮ್ಮತ್ತೆ ಇವ್ರ ಸುದ್ದೀನೇ ಹೇಳೋರು. ಆರು ವರ್ಷ ಇದ್ಲು, ಒಂದಿನಾನೂ ನಂಗೆ ಎದುರು ಮಾತಾಡ್ದೋಳಲ್ಲ ಅಂತ.’

ಎಲೆಯ ಮುಂದೆ ಕೂತ ನಾನು ತಲೆ ತಗ್ಗಿಸಿ, ಆಗಲೇ ತೊಳೆದಿದ್ದ ಎಲೆಗೆ ಮತ್ತೆ ನೀರು ಚಿಮುಕಿಸಿ ಒರೆಸಿದೆ.