ಮೇದಪ್ಪನವರ ಫೈರ್ ಇಂಜಿನ್

ನೋಯ್ಡಾದಾಚೆಯ ನಮ್ಮ ಮೂರು ಪುಟ್ಟ ಊರುಗಳು ಚಂದಾ ಎತ್ತಿ ಕೊಂಡ ಒಂದೇ ಒಂದು ಫೈರ್ ಇಂಜಿನ್ನಿಗೆ ನಮ್ಮ ಹೌಸಿಂಗ್ ಸೊಸೈಟಿಯ ನಿವೃತ್ತ ಸುಬೇದಾರ್ ಮೇದಪ್ಪನವರೇ ಯಜಮಾನರು. ಮದುವೆಮನೆಯಲ್ಲೂ ಗ್ಯಾಸ್ ಸಿಲಿಂಡರ್ ನೋಡಿಯೇ ಊಟಕ್ಕೆ ಕೂರುವವರು. "ಪಕ್ಕದೂರಿಗೆ ನಾವ್ಯಾಕೆ ಕೊಡಬೇಕು?" ಎಂದವರಿಗೆ, "ಅಚ್ಛಾ, ಬೆಂಕಿಗೆ ನಿಮ್ಮೂರ ಬೋರ್ಡ್ ಓದೋಕೆ ಬರುತ್ತೇನ್ರೀ?" ಎನ್ನುತ್ತಾರೆ. ಡ್ರೈವರಿಗೆ ಗಲ್ಲಿಗಳ ಪರಿಚಯವಾಗಲೆಂದು ಭಾನುವಾರ ಮಕ್ಕಳನ್ನು ಗಾಡಿಗೆ ಹತ್ತಿಸಿ, ಅವರವರ ಮನೆಯ ದಾರಿ ಹೇಳಿಸುತ್ತಾರೆ. ನನ್ನ ಮಗ ನಿಹಾಲ್ ಹತ್ತಿದರೆ, "ಬೀಳ್ತಾನೆ, ಗಟ್ಟಿಯಾಗಿ ಹಿಡ್ಕೊಳ್ಳಿ ಅಂಕಲ್!" ಎಂದು ನಾನು ಹಿಂದೆ ಓಡುತ್ತೇನೆ. ಹೋದ ವಾರ ಅವನು ದಾರಿ ಹೇಳಿದಾಗ, ಗಾಡಿ ನಮ್ಮದೇ ಗೇಟಿನ ಕಮಾನಿಗೆ ತಾಗಿ ನಿಂತುಬಿಟ್ಟಿತು. ಬೆಂಕಿ ಬಿದ್ದರೆ ನಮ್ಮ ಗತಿಯೇನೆಂದು ಆ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ. ಆದರೆ ಅದು, ತೀರಿಕೊಂಡ ಹೆಂಡತಿ ಸರಸು ಅವರ ಹೆಸರಲ್ಲಿ ಮೇದಪ್ಪನವರೇ ಕಟ್ಟಿಸಿದ ಕಮಾನು; ಒಡೆಸಿ ಎಂದು ಕೇಳುವುದು ಹೇಗೆ? ಬೆಳಿಗ್ಗೆ ನೋಡಿದರೆ ಅವರೇ ಗಾರೆಯವನಿಂದ ಒಡೆಸುತ್ತಿದ್ದರು. ಹೆಸರಿನ ಕಲ್ಲನ್ನು ಮಾತ್ರ ಎದೆಗವಚಿ ಹಿಡಿದು, "ಸರಸು ಇದ್ದಿದ್ರೆ ನಿನ್ನೆ ಸಂಜೆನೇ ಒಡೆಸಿರೋಳು, ಮಗಳೇ," ಎಂದರು.